ಕ್ಯಾಸೆಟ್ಟಿನ ಕೊನೆಯ ಹದಿನಾಲ್ಕು ನಿಮಿಷ

ಓದುಗರ ಪ್ರಶ್ನೆಗಳಿಗೆ ಸಂಗೀತ ಅಂಕಣದ ಉತ್ತರ

ಇಂಗ್ಲೆಂಡಿನ ಟಾಮ್ ಮಿಡಲ್ಟನ್ ಮತ್ತು ಮಾರ್ಕ್ ಪ್ರಿಚರ್ಡ್ ಎಂಬ ಇಬ್ಬರು ಸೇರಿ ಕಟ್ಟಿದ ‘ಗ್ಲೋಬಲ್ ಕಮ್ಯುನಿಕೇಶನ್’ ಎಂಬ ಎಲೆಕ್ಟ್ರಾನಿಕ್ ಸಂಗೀತದ ಜೋಡಿಯ ಬಗ್ಗೆ, 1994ರಲ್ಲಿ ಹೊರಬಂದ ಅವರ ‘76:14’ ಆಲ್ಬಮ್ಮಿನ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಒಂದು ಕಿರು ಟಿಪ್ಪಣಿ ಪ್ರಕಟವಾಗಿತ್ತು. ಅದಕ್ಕೆ ಕೊಡಗಿನಿಂದಲೇ ಇಷ್ಟೊಂದು ಪತ್ರಗಳು ಬಂದದ್ದು ನನಗೆ ಬಹಳ ಸಂತೋಷ ತಂದಿದೆ. ಅವುಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಕೇಳಿಕೊಂಡವರ ಹೆಸರುಗಳನ್ನು ಕೈಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ, 1996ರ ಹೊತ್ತಿಗೆ, ಹಡಗಿನಲ್ಲಿ ಕೆಲಸದಲ್ಲಿದ್ದ ನನ್ನ ಸೋದರಮಾವ 90 ನಿಮಿಷದ ಒಂದು ಕ್ಯಾಸೆಟ್ ತಂದುಕೊಟ್ಟಿದ್ದರು. ಯಾರದೋ ಸಿ.ಡಿ.ಯಿಂದ ತುಂಬಿಸಿಕೊಂಡದ್ದು, ಮೇಲೆ ಹೆಸರು ಬರೆದಿರಲಿಲ್ಲ. ಒಂದು ಮಳೆಗಾಲ ಪೂರ್ತಿ ತೋಟದ ಮನೆಯಲ್ಲಿ ಅದನ್ನೇ ಕೇಳಿದ್ದೆ. ನಿಮ್ಮ ಟಿಪ್ಪಣಿ ಓದಿದ ಮೇಲೆ ಮಗಳ ಫೋನಿನಲ್ಲಿ ‘76:14’ ಹಾಕಿಸಿ ಕೇಳಿದರೆ, ಎರಡನೆಯ ರಚನೆಯಲ್ಲಿ ಗಡಿಯಾರದ ಟಿಕ್ ಟಿಕ್ ಶುರುವಾದ ಕೂಡಲೇ ಇದೇ ಅದು ಎಂದು ಗೊತ್ತಾಯಿತು. ಆದರೆ ನನ್ನ ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ, ಕೊನೆಯ ರಚನೆ ಮುಗಿದ ಮೇಲೆ, ಇನ್ನೊಂದು ದೀರ್ಘವಾದ ರಚನೆ ಇದೆ. ಗಿಟಾರಿನಂಥ ನಾದ ಅಲೆಯಲೆಯಾಗಿ ಬರುತ್ತದೆ, ಗಂಡಸೊಬ್ಬನ ದನಿ ಬಹಳ ದೂರದಿಂದ ಹಾಡಿದಂತೆ ಕೇಳುತ್ತದೆ, ಮಾತು ತಿಳಿಯುವುದಿಲ್ಲ, ಮುಗಿಯುವ ಮೊದಲೇ ಟೇಪ್ ತೀರಿಹೋಗುತ್ತದೆ. ಆಲ್ಬಮ್ಮಿನ ಹತ್ತು ರಚನೆಗಳಲ್ಲಿ ಇದು ಇಲ್ಲ. ಹಾಡನ್ನು ಗುರುತಿಸುವ ಆ್ಯಪ್‌ಗೂ ಗೊತ್ತಾಗಲಿಲ್ಲ. ಇದು ಯಾವುದು? — ನಾಪೋಕ್ಲು

ಉತ್ತರ: ಮೊದಲು ನಿಮ್ಮ ಕ್ಯಾಸೆಟ್ಟಿನ ಲೆಕ್ಕವನ್ನೇ ನೋಡೋಣ, ಏಕೆಂದರೆ ಅರ್ಧ ಉತ್ತರ ಅದರಲ್ಲೇ ಇದೆ. ಕೇಳುವವರ ಕಲ್ಪನೆಗೆ ಹೆಸರಿನ ಬೇಲಿ ಹಾಕಬಾರದೆಂದು ಆ ಇಬ್ಬರೂ ತಮ್ಮ ರಚನೆಗಳಿಗೆ ಅವುಗಳ ಅವಧಿಯನ್ನೇ ಶೀರ್ಷಿಕೆಯಾಗಿ ಇಟ್ಟರು. ಆದ್ದರಿಂದ ಈ ಲೆಕ್ಕಕ್ಕೆ ಆಲ್ಬಮ್ಮಿನ ಹೊದಿಕೆಯೊಂದು ಸಾಕು. ‘4:02’, ‘14:31’, ‘9:25’, ‘9:39’, ‘7:39’ ಎಂಬ ಮೊದಲ ಐದನ್ನು ಕೂಡಿದರೆ 45 ನಿಮಿಷ 16 ಸೆಕೆಂಡ್ ಆಗುತ್ತದೆ. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ 45 ನಿಮಿಷ. ಸಾಮಾನ್ಯವಾಗಿ ಕಂಪನಿಗಳು ಸ್ವಲ್ಪ ಟೇಪನ್ನು ಹೆಚ್ಚಿಗೆ ಸುತ್ತಿರುತ್ತಿದ್ದುದರಿಂದ ಐದೂ ಒಂದೇ ಬದಿಯಲ್ಲಿ ಹಿಡಿಸಿರಬೇಕು. ಉಳಿದ ‘0:54’, ‘8:07’, ‘5:23’, ‘4:14’, ‘12:18’ ಸೇರಿದರೆ ಹೆಚ್ಚುಕಡಿಮೆ 31 ನಿಮಿಷ. ಅಂದರೆ ಎರಡನೆಯ ಬದಿಯಲ್ಲಿ ಸುಮಾರು 14 ನಿಮಿಷ ಟೇಪ್ ಖಾಲಿ ಉಳಿಯುತ್ತದೆ. ಕ್ಯಾಸೆಟ್ ತುಂಬಿಸುತ್ತಿದ್ದ ಯಾರೂ ಆ ಕಾಲದಲ್ಲಿ ಅಷ್ಟು ಜಾಗವನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅದೇ ಕಲಾವಿದರ ಇನ್ನೇನಾದರೂ ಕೈಗೆ ಸಿಕ್ಕಿದರೆ ಅದನ್ನು ಹಾಕುತ್ತಿದ್ದರು, ಅದು ಮುಗಿಯುವ ಮೊದಲೇ ಟೇಪ್ ತೀರಿದರೂ ಅಡ್ಡಿಯಿಲ್ಲ ಎಂದುಕೊಳ್ಳುತ್ತಿದ್ದರು.

ನೀವು ವಿವರಿಸಿದ ದೂರದ ಗಂಡುದನಿ, ಗಿಟಾರಿನ ಅಲೆ, ತಿಳಿಯದ ಮಾತು, ಈ ಮೂರೂ ಒಟ್ಟಿಗೆ ಬರುವ ಕೆಲಸವೆಂದರೆ ‘ಪೆಂಟಾಮರಸ್ ಮೆಟಮಾರ್ಫಸಿಸ್’. ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ‘ಚಾಪ್ಟರ್‌ಹೌಸ್’ ಎಂಬ ಗಿಟಾರ್ ತಂಡ 1993ರಲ್ಲಿ ‘ಬ್ಲಡ್ ಮ್ಯೂಸಿಕ್’ ಎಂಬ ತನ್ನ ಎರಡನೆಯ ಆಲ್ಬಮ್ ಹೊರತಂದಿತು. ಪದರ ಪದರವಾಗಿ ಗಿಟಾರುಗಳನ್ನು ಹೇರಿ, ಹಾಡುವ ದನಿಯನ್ನು ಅವುಗಳ ನಡುವೆ ಅರ್ಧ ಹೂತಿಡುವುದು ಆ ತಂಡದ ಶೈಲಿ. ಆ ಆಲ್ಬಮ್ಮಿನ ಹಾಡುಗಳನ್ನು ಮಿಡಲ್ಟನ್ ಮತ್ತು ಪ್ರಿಚರ್ಡ್ ಕೈಗೆತ್ತಿಕೊಂಡು, ಅವುಗಳ ನಾದವನ್ನೇ ಕರಗಿಸಿ, ಐದು ದೀರ್ಘ ರಚನೆಗಳಾಗಿ ಹೊಸದಾಗಿ ಎರಕ ಹೊಯ್ದರು. ಆಲ್ಫಾ, ಬೀಟಾ, ಗ್ಯಾಮಾ, ಡೆಲ್ಟಾ, ಎಪ್ಸಿಲಾನ್ ಎಂದು ಗ್ರೀಕ್ ಅಕ್ಷರಗಳಲ್ಲೇ ಅವುಗಳ ಹೆಸರು. ಮೊದಲಿಗೆ ಅದು ‘ಬ್ಲಡ್ ಮ್ಯೂಸಿಕ್’ನ ಸೀಮಿತ ಪ್ರತಿಗಳ ಜೊತೆಗೆ ಕೊಟ್ಟ ಹೆಚ್ಚುವರಿ ಸಿ.ಡಿ.ಯಾಗಿ ಮಾತ್ರ ಬಂದಿತ್ತು. ಗಿಟಾರ್ ತಂಡವನ್ನು ಮೆಚ್ಚಿದವರು ಅದನ್ನು ಪಕ್ಕಕ್ಕಿಟ್ಟರು, ಎಲೆಕ್ಟ್ರಾನಿಕ್ ಸಂಗೀತ ಮೆಚ್ಚುವವರಿಗೆ ಅದು ಅಲ್ಲಿ ಅಡಗಿದೆ ಎಂಬುದೇ ಗೊತ್ತಿರಲಿಲ್ಲ. 1998ರಲ್ಲಿ ಪ್ರತ್ಯೇಕ ಸಿ.ಡಿ.ಯಾಗಿ ಮರುಮುದ್ರಣವಾಗುವವರೆಗೂ ಅದು ಹುಡುಕಿದವರಿಗಷ್ಟೇ ದಕ್ಕುವ ವಸ್ತುವಾಗಿತ್ತು. ನಿಮ್ಮ ಮಾವನಿಗೆ ಕ್ಯಾಸೆಟ್ ತುಂಬಿಸಿಕೊಟ್ಟವರು ಯಾರೋ ಗೊತ್ತಿಲ್ಲ, ಆದರೆ ಒಳ್ಳೆಯ ಅಭಿರುಚಿಯವರು.

ಇನ್ನೊಂದು ಮಾತನ್ನು ನಾನು ಒತ್ತಿ ಹೇಳಲೇಬೇಕು. ನೀವು ಅದನ್ನು ಕ್ಯಾಸೆಟ್ಟಿನ ಬಾಲದಲ್ಲಿ ಕೇಳಿದ್ದರಿಂದ, ಆಲ್ಬಮ್ ಆದಮೇಲಿನ ಅನುಬಂಧ ಎಂಬಂತೆ ನೆನಪಿಟ್ಟುಕೊಂಡಿದ್ದೀರಿ. ಕಾಲದ ಕ್ರಮ ಇದಕ್ಕೆ ತಿರುಗುಮುರುಗು. ‘ಪೆಂಟಾಮರಸ್’ ಎಂಬ ಈ ರಿಮಿಕ್ಸ್, ಅಂದರೆ ಮರುರೂಪ, 1993ರದು, ‘76:14’ ಮರುವರ್ಷದ್ದು, ಎರಡನ್ನೂ ಹೊರತಂದದ್ದು ‘ಡೆಡಿಕೇಟೆಡ್’ ಎಂಬ ಒಂದೇ ಸಂಸ್ಥೆ. ಬೇರೆಯವರ ಗಿಟಾರಿನ ನಾದವನ್ನು ಹಿಗ್ಗಿಸಿ, ತಾಳವಿಲ್ಲದೆಯೂ ಹತ್ತಾರು ನಿಮಿಷ ಕೇಳುಗನನ್ನು ಹಿಡಿದಿಡುವುದು ಹೇಗೆಂದು ಅವರು ಅಭ್ಯಾಸ ಮಾಡಿದ್ದು ಆ ಐದು ರಚನೆಗಳಲ್ಲಿ. ನೀವು ಮಳೆಗಾಲವೆಲ್ಲ ಕೇಳಿದ ಆಲ್ಬಮ್ ಹುಟ್ಟಿದ್ದು ಆ ಅಭ್ಯಾಸದಿಂದ. ಆದ್ದರಿಂದ ಈಗ ಮತ್ತೆ ಕೇಳುವಾಗ ದಯವಿಟ್ಟು ಆ ಐದನ್ನೂ ಮೊದಲು ಕ್ರಮವಾಗಿ ಕೇಳಿ, ಆಮೇಲೆ ‘76:14’ಕ್ಕೆ ಬನ್ನಿ. ಒಂದೊಂದೇ ರಚನೆಯನ್ನು ಹೆಕ್ಕಿ ಕೇಳುವ ಈಗಿನ ರೂಢಿಯಲ್ಲಿ ಈ ಸಂಬಂಧ ಕಿವಿಗೆ ಬೀಳುವುದೇ ಇಲ್ಲ.

ಐದರಲ್ಲಿ ನಿಮ್ಮದು ಯಾವುದೆಂದು ಪತ್ತೆ ಮಾಡುವ ದಾರಿಯೂ ಇದೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು, ಆದರೆ ಮನೆಬಳಕೆಯ ಯಂತ್ರಗಳಲ್ಲಿ ಅದು ಏರುಪೇರಾಗುವುದು ಸಾಮಾನ್ಯ. ತುಂಬಿಸಿದ ಯಂತ್ರದ ವೇಗ ಒಂದು, ಈಗ ನುಡಿಸುತ್ತಿರುವ ಯಂತ್ರದ ವೇಗ ಇನ್ನೊಂದು ಎಂದಾದರೆ ಶ್ರುತಿಯೂ ಲಯವೂ ಎರಡೂ ಬದಲಾಗುತ್ತವೆ. ಆ್ಯಪ್ ಸೋತದ್ದಕ್ಕೆ ಮುಖ್ಯ ಕಾರಣ ಇದೇ ಇರಬೇಕು. ಅದೃಷ್ಟಕ್ಕೆ ಅಳತೆಗೋಲು ನಿಮ್ಮ ಕ್ಯಾಸೆಟ್ಟಿನಲ್ಲೇ ಇದೆ. ಕಂಪ್ಯೂಟರಿಗೆ ಎರಡೂ ಬದಿಗಳನ್ನು ಇಳಿಸಿಕೊಂಡು ‘14:31’ರ ಅವಧಿಯನ್ನು ಅಳೆಯಿರಿ. ಅದು ನಿಮ್ಮಲ್ಲಿ 14 ನಿಮಿಷ 5 ಸೆಕೆಂಡಿಗೇ ಮುಗಿಯುತ್ತಿದ್ದರೆ ಟೇಪು ಶೇ. 3ರಷ್ಟು ವೇಗವಾಗಿ ಓಡುತ್ತಿದೆ ಎಂದು ಅರ್ಥ, ಶ್ರುತಿ ಕೀಬೋರ್ಡಿನ ಪಕ್ಕಪಕ್ಕದ ಎರಡು ಮನೆಗಳ ಅಂತರದ ಸುಮಾರು ಅರ್ಧದಷ್ಟು ಏರಿದೆ. ಅಷ್ಟೇ ಪ್ರಮಾಣದಲ್ಲಿ ಇಡೀ ಧ್ವನಿಮುದ್ರಣವನ್ನು ನಿಧಾನಗೊಳಿಸಿದರೆ ಕೊನೆಯ ರಚನೆಯೂ ತನ್ನ ನಿಜವಾದ ಶ್ರುತಿಗೆ ಬರುತ್ತದೆ. ಆಗ ಐದು ರಚನೆಗಳ ಪಕ್ಕದಲ್ಲಿಟ್ಟು ಹೋಲಿಸುವುದು ಸುಲಭ, ಆ್ಯಪ್ ಕೂಡ ಹಿಡಿದೀತು. 2020ರಲ್ಲಿ ‘ಟ್ರಾನ್ಸ್‌ಮಿಶನ್ಸ್’ ಎಂಬ ಸಂಪುಟದಲ್ಲಿ ‘76:14’ ಮತ್ತು ‘ಪೆಂಟಾಮರಸ್’ ಎರಡೂ ಒಟ್ಟಿಗೇ ಬಂದಿವೆ, ಹೋಲಿಕೆಗೆ ಅದು ಅನುಕೂಲ.

ಪ್ರಶ್ನೆ: ಆ ಇಬ್ಬರೂ ಈಗ ಏನು ಮಾಡುತ್ತಿದ್ದಾರೆ? — ಶನಿವಾರಸಂತೆ

ಉತ್ತರ: ಇಬ್ಬರೂ ಸಂಗೀತದಲ್ಲೇ ಇದ್ದಾರೆ, ದಾರಿಗಳು ಬೇರೆಯಾಗಿವೆ. ಪ್ರಿಚರ್ಡ್ ಆಸ್ಟ್ರೇಲಿಯಾದಲ್ಲಿ ನೆಲೆಸಿ, ವಾರ್ಪ್ ಸಂಸ್ಥೆಯಿಂದ 2016ರಲ್ಲಿ ‘ಅಂಡರ್ ದಿ ಸನ್’ ಎಂಬ ಆಲ್ಬಮ್ ತಂದರು. 2025ರಲ್ಲಿ ಗಾಯಕ ಥಾಮ್ ಯಾರ್ಕ್ ಜೊತೆ ಸೇರಿ ಇನ್ನೊಂದನ್ನು ಹೊರತಂದಿದ್ದಾರೆ. ಪಿಯಾನೋ ಮತ್ತು ಚೆಲೋ ಕಲಿತು ಬಂದ ಮಿಡಲ್ಟನ್, 1990ರ ದಶಕದ ಆರಂಭದಲ್ಲಿ ಏಫೆಕ್ಸ್ ಟ್ವಿನ್ ಎಂಬ ಎಲೆಕ್ಟ್ರಾನಿಕ್ ಸಂಗೀತಗಾರನ ಜೊತೆಗೂ ಕೆಲಸ ಮಾಡಿದ್ದವರು. ಮುಂದೆ ನಿದ್ರೆಯ ವಿಜ್ಞಾನದ ಕಡೆ ತಿರುಗಿ, 2018ರಲ್ಲಿ ನಿದ್ರೆಗೆ ನೆರವಾಗಲೆಂದೇ ಒಂದು ಆಲ್ಬಮ್ ರಚಿಸಿದರು. ಇಬ್ಬರ ಒಂಟಿ ಕೆಲಸಗಳಲ್ಲಿ ನನಗೆ ಪ್ರಿಚರ್ಡ್ ಅವರದೇ ಹೆಚ್ಚು ಆಳವೆನ್ನಿಸುತ್ತದೆ.

ಪ್ರಶ್ನೆ: ರಿಮಿಕ್ಸ್ ಎಂಬ ಮಾತು ಕೇಳಿದರೇ ನನಗೆ ಬೇಸರ. ನಮ್ಮ ಮದುವೆಮನೆಗಳಲ್ಲಿ ವಾಲಗದ ನಾದಕ್ಕೆ ಡಿ.ಜೆ.ಗಳು ದಡಬಡ ತಾಳ ಸೇರಿಸಿ ದೊಡ್ಡ ಸ್ಪೀಕರಿನಲ್ಲಿ ಹಾಕುತ್ತಾರೆ, ಅದಕ್ಕೂ ರಿಮಿಕ್ಸ್ ಎನ್ನುತ್ತಾರೆ. ಬೇರೆಯವರ ಹಾಡನ್ನು ತಿರುಚುವುದನ್ನು ಸೃಷ್ಟಿ ಎಂದು ನೀವು ಹೇಗೆ ಹೊಗಳುತ್ತೀರಿ? — ಗೋಣಿಕೊಪ್ಪಲು

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ವಾಲಗದವರ ಉಸಿರಿನಲ್ಲಿ, ಡೋಲಿನ ಏರಿಳಿತದಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳಿರುತ್ತವೆ; ಕುಣಿಯುವವರ ಹೆಜ್ಜೆ ನೋಡಿ ಅವರು ಲಯವನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಅದರ ಮೇಲೆ ಯಂತ್ರದ ಒಂದೇ ಸಮನಾದ ತಾಳವನ್ನು ಹೇರಿದಾಗ ಆ ಜೀವವೇ ಹೋಗುತ್ತದೆ. ಅಲ್ಲಿ ಆದದ್ದು ಸೇರಿಸುವ ಕೆಲಸ ಮಾತ್ರ, ಮೂಲವನ್ನು ಕಿವಿಗೊಟ್ಟು ಕೇಳುವ ಕೆಲಸ ಆಗಿಲ್ಲ.

ಆದರೆ ರಿಮಿಕ್ಸಿನ ಚರಿತ್ರೆ ಶುರುವಾದದ್ದು ಸೇರಿಸುವುದರಿಂದಲ್ಲ, ತೆಗೆಯುವುದರಿಂದ. 1970ರ ದಶಕದ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ, ವಿದ್ಯುತ್ ಉಪಕರಣಗಳ ರಿಪೇರಿಯನ್ನೇ ವೃತ್ತಿ ಮಾಡಿಕೊಂಡಿದ್ದ ಕಿಂಗ್ ಟಬ್ಬಿ, ಹಾಡಿನ ಟೇಪಿನಿಂದ ಗಾಯಕನ ದನಿಯನ್ನು ತೆಗೆದು, ಬೇಸ್ ಮತ್ತು ಡ್ರಮ್ಮನ್ನು ಉಳಿಸಿ, ಅಲ್ಲೊಂದು ಇಲ್ಲೊಂದು ಮಾತಿನ ತುಣುಕನ್ನು ಮಾರ್ದನಿಯಲ್ಲಿ ತೇಲಿಬಿಡುತ್ತಿದ್ದ. ಕೇಳುಗರಿಗೆ ಗೊತ್ತಿದ್ದ ಹಾಡೇ ಅದು, ಆದರೆ ಅದರೊಳಗೆ ಇಷ್ಟು ಬಯಲಿತ್ತೆಂದು ಅವರಿಗೆ ತಿಳಿದದ್ದು ಆಗಲೇ. ಗ್ಲೋಬಲ್ ಕಮ್ಯುನಿಕೇಶನ್ ಮಾಡಿದ ಕೆಲಸ ಈ ಪರಂಪರೆಯದು.

ಕೆಲಸ ನಡೆಯುವ ಕ್ರಮವನ್ನು ಸ್ವಲ್ಪ ಹೇಳಿದರೆ ವಿಷಯ ಸ್ಪಷ್ಟವಾದೀತು. ಸ್ಟುಡಿಯೋದಲ್ಲಿ ಹಾಡನ್ನು ಮುದ್ರಿಸುವಾಗ ದನಿ, ಗಿಟಾರ್, ಬೇಸ್, ಡ್ರಮ್ ಎಲ್ಲವೂ ಟೇಪಿನ ಬೇರೆ ಬೇರೆ ಪಥಗಳಲ್ಲಿರುತ್ತವೆ. ರಿಮಿಕ್ಸ್ ಮಾಡುವವರಿಗೆ ಸಿಗುವುದು ಆ ಬಿಡಿ ಪಥಗಳು. ಅವುಗಳಿಂದ ಒಂದೆರಡು ಸೆಕೆಂಡಿನ ತುಣುಕನ್ನು ಸ್ಯಾಂಪ್ಲರ್ ಎಂಬ ಯಂತ್ರಕ್ಕೆ ತುಂಬಿಸಿ, ಕೀಬೋರ್ಡಿನಲ್ಲಿ ಬೇರೆ ಬೇರೆ ಶ್ರುತಿಗಳಲ್ಲಿ ನುಡಿಸಬಹುದು, ಹಿಮ್ಮುಖವಾಗಿ ಓಡಿಸಬಹುದು, ಶ್ರುತಿ ಕೆಡದಂತೆ ಎಳೆದು ಉದ್ದ ಮಾಡಬಹುದು. ಆ ಕಾಲದ ಸ್ಯಾಂಪ್ಲರುಗಳ ನೆನಪಿನ ಸಾಮರ್ಥ್ಯ ಕೆಲವೇ ಮೆಗಾಬೈಟು. ಎಲ್ಲವನ್ನೂ ಹಾಕಿಕೊಳ್ಳಲು ಜಾಗವಿಲ್ಲದ ಕಾರಣ, ಯಾವ ತುಣುಕು ಇಡೀ ಹಾಡಿನ ಸತ್ವವನ್ನು ಹಿಡಿದಿದೆ ಎಂದು ಮೊದಲೇ ಗುರುತಿಸಬೇಕಿತ್ತು. ಆ ಗುರುತಿಸುವಿಕೆಯಲ್ಲೇ ಪ್ರತಿಭೆಯ ಪರೀಕ್ಷೆ ಆಗುತ್ತದೆ ಎಂಬುದು ನನ್ನ ನಂಬಿಕೆ. ಚಾಪ್ಟರ್‌ಹೌಸ್ ಹಾಡುಗಳಲ್ಲಿ ಡ್ರಮ್ಮಿನ ಅಬ್ಬರದ ಹಿಂದೆ ಗಿಟಾರಿನ ಒಂದು ಮಂಜಿನಂಥ ನಾದವಿತ್ತು. ಈ ಇಬ್ಬರೂ ಅದನ್ನೇ ಮುಂದಕ್ಕೆ ತಂದು, ಹಾಡಿನ ಚರಣ, ಪಲ್ಲವಿ ಎಂಬ ಕಟ್ಟನ್ನು ಬಿಚ್ಚಿ, ದನಿಯನ್ನು ಒಂದು ವಾದ್ಯದಂತೆ ಬಳಸಿದರು. ದಾಸರ ಒಂದೇ ಪದವನ್ನು ಬೇರೆ ಬೇರೆ ರಾಗಗಳಲ್ಲಿ ಹಾಡುವುದು ನಮಗೆ ಸಹಜವಾಗಿದೆ. ಅಲ್ಲಿ ಸಾಹಿತ್ಯ ಉಳಿದು ಧಾಟಿ ಬದಲಾಗುತ್ತದೆ, ಇಲ್ಲಿ ಸಾಹಿತ್ಯ ಕರಗಿ ನಾದ ಉಳಿಯುತ್ತದೆ. ಎರಡೂ ಕಡೆ ಮೂಲಕ್ಕೆ ಗೌರವವಿದೆ.

ಈ ಮಾತಿಗೆ ಇನ್ನಷ್ಟು ಪುರಾವೆ ಬೇಕಿದ್ದರೆ, ಬೇರೆಯವರಿಗಾಗಿ ಅವರು ಮಾಡಿದ ರಿಮಿಕ್ಸುಗಳನ್ನೇ ಒಟ್ಟುಗೂಡಿಸಿ 1995ರಲ್ಲಿ ಬಂದ ‘ರಿಮೋಶನ್’ ಆಲ್ಬಮನ್ನು ಕೇಳಿ. ಮೂಲ ಕಲಾವಿದರು ಒಬ್ಬರಿಗೊಬ್ಬರು ಸಂಬಂಧವಿಲ್ಲದವರಾದರೂ ಆಲ್ಬಮ್ ಒಂದೇ ಕೈಯ ಕೃತಿಯಂತೆ ಕೇಳುತ್ತದೆ. ವಾಲಗದ ವಿಷಯದಲ್ಲೂ ಇಂಥ ಕಿವಿಯುಳ್ಳ ತರುಣರು ಯಾರಾದರೂ ಮುಂದೆ ಬಂದು, ತಾಳ ಹೇರುವ ಬದಲು ಆ ನಾದದ ಒಳಗೇ ಹೊಕ್ಕು ನೋಡಿದರೆ ನಾನಂತೂ ಮನಸಾರೆ ಸ್ವಾಗತಿಸುತ್ತೇನೆ.

ಪ್ರಶ್ನೆ: ಕಕ್ಕಡ ತಿಂಗಳಲ್ಲಿ ನಮ್ಮ ಕಡೆ ಹಗಲು ರಾತ್ರಿ ಮಳೆ. ಹಂಚಿನ ಮೇಲೆ ಬೀಳುವ ಸದ್ದಿನಲ್ಲಿ ‘14:31’ರ ಮೆಲುದನಿಯ ಭಾಗಗಳು ಕೇಳಿಸುವುದೇ ಇಲ್ಲ, ಹೆಡ್‌ಫೋನ್ ಹಾಕಿಕೊಂಡರೆ ಉಸಿರುಕಟ್ಟಿದಂತಾಗುತ್ತದೆ. ಏನು ಮಾಡಲಿ? — ಭಾಗಮಂಡಲ

ಉತ್ತರ: ಸದ್ದನ್ನು ಜೋರು ಮಾಡಬೇಡಿ, ಮಳೆಯ ಜೊತೆಗೇ ಕೇಳಿ. ಇದು ಸಮಾಧಾನದ ಮಾತಲ್ಲ, ಆ್ಯಂಬಿಯೆಂಟ್ ಎಂಬ, ಸುತ್ತಲಿನ ವಾತಾವರಣದಲ್ಲಿ ಬೆರೆತುಹೋಗುವ ಈ ಬಗೆಯ ಸಂಗೀತದ ಹುಟ್ಟಿನಲ್ಲೇ ಇಂಥದೊಂದು ಮಳೆಯಿದೆ. 1975ರ ಆರಂಭದಲ್ಲಿ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ ರಸ್ತೆ ಅಪಘಾತಕ್ಕೀಡಾಗಿ ಹಾಸಿಗೆ ಹಿಡಿದಿದ್ದಾಗ, ನೋಡಲು ಬಂದ ಗೆಳತಿಯೊಬ್ಬರು 18ನೆಯ ಶತಮಾನದ ಹಾರ್ಪ್ ಸಂಗೀತದ ರೆಕಾರ್ಡೊಂದನ್ನು ಕೊಟ್ಟುಹೋದರು. ಕಷ್ಟಪಟ್ಟು ಅದನ್ನು ಹಾಕಿ ಮತ್ತೆ ಮಲಗಿದ ಮೇಲೆ, ಸದ್ದು ತೀರ ಸಣ್ಣದಾಗಿದೆ, ಸ್ಟೀರಿಯೋದ ಒಂದು ಬದಿ ಕೆಲಸವೇ ಮಾಡುತ್ತಿಲ್ಲ ಎಂದು ಅವರಿಗೆ ಗೊತ್ತಾಯಿತು. ಎದ್ದು ಸರಿಪಡಿಸುವ ಶಕ್ತಿ ಇರಲಿಲ್ಲ. ಹೊರಗಿನ ಮಳೆಯ ಸದ್ದಿನ ನಡುವೆ ಹಾರ್ಪಿನ ಗಟ್ಟಿ ಸ್ವರಗಳಷ್ಟೇ ಆಗಾಗ ಕೇಳಿಸುತ್ತಿದ್ದವು. ಸಂಗೀತ ಹೀಗೂ, ಬೆಳಕಿನ ಬಣ್ಣದಂತೆ, ಸುತ್ತಲಿನ ವಾತಾವರಣದ ಭಾಗವಾಗಿ ಇರಬಹುದು ಎಂಬ ಯೋಚನೆ ಅಲ್ಲಿಂದ ಬೆಳೆದು, ಅದೇ ವರ್ಷ ‘ಡಿಸ್ಕ್ರೀಟ್ ಮ್ಯೂಸಿಕ್’ ಮತ್ತು 1978ರಲ್ಲಿ ವಿಮಾನನಿಲ್ದಾಣಗಳಿಗೆಂದು ರಚಿಸಿದ ಆಲ್ಬಮ್ ಹುಟ್ಟಿದವು. ಮಿಡಲ್ಟನ್ ಮತ್ತು ಪ್ರಿಚರ್ಡ್ ಕೂಡ ಲಂಡನ್ನಿನ ಗದ್ದಲದವರಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯ ಗ್ರಾಮಾಂತರದಿಂದ ಬಂದವರು.

ಆದರೂ ಒಂದು ಭೇದವನ್ನು ಗಮನಿಸಬೇಕು. ಈನೋ ಅವರ ರಚನೆಯಲ್ಲಿ ಕೆಲವು ಸ್ವರ ಮಳೆಯಲ್ಲಿ ಮುಳುಗಿಹೋದರೂ ನಷ್ಟವಿಲ್ಲ. ‘14:31’ ಹಾಗಲ್ಲ. ಗಡಿಯಾರದ ಸದ್ದು ಅಲ್ಲಿ ತಾಳದ ಸ್ಥಾನದಲ್ಲಿದೆ, ಅದರ ಮೇಲೆ ಸ್ವರಗಳು ನಿಧಾನವಾಗಿ ಏರುತ್ತ ಹೋಗುವ ಕ್ರಮವೇ ಆ ರಚನೆಯ ಅರ್ಥ. ಸ್ಪೀಕರನ್ನು ಗೋಡೆಯ ಹತ್ತಿರ ಕಿವಿಯ ಮಟ್ಟಕ್ಕಿಟ್ಟು, ನೀವು ಅದರ ಸಮೀಪವೇ ಕುಳಿತರೆ, ಸದ್ದು ಹೆಚ್ಚಿಸದೆಯೂ ಆ ಏರಿಕೆ ಕೇಳಿಸುತ್ತದೆ. ಮಳೆ ತೀರ ಜೋರಾದ ದಿನ ಅದನ್ನು ಬಿಟ್ಟು ‘ಪೆಂಟಾಮರಸ್’ ಹಾಕಿ. ಗಿಟಾರಿನ ನಾದ ದಟ್ಟವಾಗಿರುವುದರಿಂದ ಅದು ಮಳೆಗೆ ಸುಲಭವಾಗಿ ಸೋಲುವುದಿಲ್ಲ.

ಪ್ರಶ್ನೆ: ನನ್ನಲ್ಲೂ ಆ ಕಾಲದ ಇಂಥ ಕ್ಯಾಸೆಟ್ಟುಗಳಿವೆ, ಎಲ್ಲಕ್ಕೂ ಬೂಷ್ಟು ಹಿಡಿದಿದೆ. ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದೇ? — ಸೋಮವಾರಪೇಟೆ

ಉತ್ತರ: ಇಳಿಸಿಕೊಳ್ಳಬಹುದು, ಆದರೆ ಹಾಗೆಯೇ ಯಂತ್ರಕ್ಕೆ ಹಾಕಬೇಡಿ, ಒಂದರ ಬೂಷ್ಟು ಯಂತ್ರದ ತಲೆಗೆ (ಟೇಪನ್ನು ಓದುವ ‘ಹೆಡ್’ ಎಂಬ ಭಾಗಕ್ಕೆ) ಅಂಟಿ ಉಳಿದವಕ್ಕೂ ಹರಡುತ್ತದೆ. ಮೊದಲು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ವಾರ ಇಟ್ಟು ತೇವ ತೆಗೆಯಿರಿ. ಬೇಗ ಒಣಗಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಬಾರದು, ಬಿಸಿಗೆ ಟೇಪು ಸೊಟ್ಟಗಾಗುತ್ತದೆ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಕುಳಿತು, ಮೃದುವಾದ ಒಣ ಬ್ರಷ್ಷಿನಿಂದ ಅಂಚಿನ ಬಿಳಿ ಪುಡಿಯನ್ನು ತೆಗೆದು, ಪೆನ್ಸಿಲ್ ತೂರಿಸಿ ಕೈಯಿಂದಲೇ ನಿಧಾನವಾಗಿ ಒಮ್ಮೆ ಪೂರ್ತಿ ಸುತ್ತಿ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಟೇಪಿನ ಸುರುಳಿಯನ್ನು ಹೊಸ ಕ್ಯಾಸೆಟ್ಟಿನ ಹೊರಕವಚಕ್ಕೆ ವರ್ಗಾಯಿಸುವುದು ಇನ್ನೂ ಒಳ್ಳೆಯದು. ಪ್ರತಿ ಕ್ಯಾಸೆಟ್ಟಿನ ನಂತರ ಯಂತ್ರದ ತಲೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ.

ಮುದ್ರಿಸಿಕೊಳ್ಳುವಾಗ ಧ್ವನಿ ಮಂಕಾಗಿದ್ದರೆ, ತಲೆಯ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ. ಬೇರೆ ಯಂತ್ರದಲ್ಲಿ ತುಂಬಿಸಿದ ಟೇಪುಗಳಿಗೆ ಈ ಹೊಂದಾಣಿಕೆ ಬೇಕಾಗುತ್ತದೆ. ಆಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು, ಆದರೆ ಅದರಲ್ಲಿರುವ ಸದ್ದು ತೆಗೆಯುವ ಸಾಧನವನ್ನು ಈ ಬಗೆಯ ಸಂಗೀತಕ್ಕೆ ಬಳಸಲೇಬೇಡಿ. ಆ್ಯಂಬಿಯೆಂಟ್ ರಚನೆಯಲ್ಲಿ ಸ್ವರವೊಂದು ಕರಗುತ್ತ ಹೋಗುವ ಬಾಲ ಮತ್ತು ಟೇಪಿನ ‘ಸ್’ ಎನ್ನುವ ಸದ್ದು ತಂತ್ರಾಂಶಕ್ಕೆ ಒಂದೇ ರೀತಿ ಕಾಣುತ್ತವೆ. ಅದು ಎರಡನ್ನೂ ಕತ್ತರಿಸಿಹಾಕುತ್ತದೆ. ಮೊದಲು ಇಳಿಸಿಕೊಂಡ ಕಡತವನ್ನು ಯಾವ ತಿದ್ದುಪಡಿಯೂ ಇಲ್ಲದೆ ವೇವ್ ರೂಪದಲ್ಲಿ ಕಾದಿರಿಸಿ, ವೇಗ ಸರಿಪಡಿಸುವುದು ಮುಂತಾದದ್ದನ್ನು ಅದರ ನಕಲಿನಲ್ಲಿ ಮಾಡಿ. ಎರಡೂ ಬದಿಗಳನ್ನು ಟೇಪು ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ; ಆಲ್ಬಮ್ ಮುಗಿಯಿತೆಂದು ನಡುವೆ ನಿಲ್ಲಿಸಿದರೆ, ನಾಪೋಕ್ಲಿನ ಓದುಗರಿಗೆ ಸಿಕ್ಕಂಥ ರಚನೆ ನಿಮ್ಮಲ್ಲಿದ್ದರೂ ಅದು ಕಂಪ್ಯೂಟರಿಗೆ ಇಳಿಯದೆ ಉಳಿದೀತು.